ಹರಿದ ಫೋಟೋದಲ್ಲಿದ್ದದ್ದು ಯಾವ ವಿಮಾನ?

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರು ಫ್ಲ್ಯಾಟಿನ ಶಿವಾನಂದ್ ನಿಂತಿದ್ದರು. ಕೈಯಲ್ಲಿ ಒಂದು ಹಳೆಯ ಕಪ್ಪು-ಬಿಳುಪು ಫೋಟೋ, ಅದೂ ಅರ್ಧ ಹರಿದದ್ದು.

"ಮೇಡಂ, ಇದು ಯಾವ ವಿಮಾನ ಅಂತ ಸ್ವಲ್ಪ ಹೇಳ್ರಿ. ನಮ್ಮವ್ವನ ಅಪ್ಪ ಇದರಾಗ ಹಾರ್‍ಯಾರಂತ."

ನನಗೆ ಹಳೆಯ ವಿಮಾನಗಳ ಹುಚ್ಚು. ಆನ್‌ಲೈನ್‌ನಲ್ಲಿ ನಮ್ಮದೊಂದು ಗುಂಪಿದೆ. ಯಾರೋ ಒಬ್ಬರು ಒಂದು ರೆಕ್ಕೆಯ ತುದಿಯನ್ನೋ ಚಕ್ರವನ್ನೋ ಮಾತ್ರ ತೋರಿಸುವ ಚಿತ್ರ ಹಾಕುತ್ತಾರೆ, ಉಳಿದವರು ಅದು ಯಾವ ಯಂತ್ರ ಎಂದು ಹೇಳಬೇಕು. ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಹುಚ್ಚು ಎಲ್ಲರಿಗೂ ಗೊತ್ತು.

ಶಿವಾನಂದ್ ಗದಗಿನ ಕಡೆಯವರು. ತಾಯಿ ಗೌರವ್ವ ಅವರ ಜೊತೆಗೇ ಇದ್ದಾರೆ. ಅಮ್ಮನ ಹುಟ್ಟುಹಬ್ಬಕ್ಕೆ ಈ ಫೋಟೋವನ್ನು ಪೂರ್ತಿ ಮಾಡಿಸಿ, ಫ್ರೇಮ್ ಹಾಕಿಸಿ ಕೊಡಬೇಕು ಎಂಬುದು ಅವರ ಆಸೆ.

ಆಗಲೇ ಒಂದು ಸ್ಟುಡಿಯೋಗೆ ಕೊಟ್ಟು ನೋಡಿದ್ದರಂತೆ. ಹರಿದುಹೋದ ಭಾಗವನ್ನು ಅಲ್ಲಿನವರ ಎಐ ಮೊದಲು ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿರುವ ವಿಮಾನವಾಗಿ ತುಂಬಿಸಿತು. ಇನ್ನೊಂದು ಸಲ ಕೇಳಿದರೆ ದೊಡ್ಡ ಬಲೂನು. ಮತ್ತೆ ಕೇಳಿದರೆ ಕಿಟಕಿ ಸಾಲುಗಳಿರುವ ಜೆಟ್ ವಿಮಾನ... ಅದರ ಪಕ್ಕದಲ್ಲಿ ರುಮಾಲು ಸುತ್ತಿದ ಅಜ್ಜ!

"ಖರೇ ವಿಮಾನದ ಹೆಸರು ಗೊತ್ತಾದ್ರ ಅದನ್ನ ನೋಡಿ ಬರೀಬಹುದು ಅಂದ್ರು ಮೇಡಂ."

ಫೋಟೋ ತೆಗೆದುಕೊಂಡು ಕುಳಿತೆ. ಕೋಟು ಹಾಕಿ ಪಂಚೆ ಉಟ್ಟ ಒಬ್ಬ ಮನುಷ್ಯ ನೆಟ್ಟಗೆ ನಿಂತಿದ್ದಾರೆ. ಹಿಂದೆ ಕಡ್ಡಿಗಳಿರುವ ಒಂದು ಚಕ್ರ, ರೆಕ್ಕೆಯ ಒಂದು ತುದಿ, ಅಡ್ಡಾದಿಡ್ಡಿ ತಂತಿಗಳು.

ಹರಿದ ಅಂಚಿನಲ್ಲಿ ಮಾತ್ರ ಏನೋ ವಿಚಿತ್ರವಾದದ್ದು. ಉಬ್ಬಿಕೊಂಡ ಬಟ್ಟೆಯ ಒಂದು ಚೂರು. ಅದರ ಮೇಲೆ ಗೆರೆಗಳು, ಗರಗಸದ ಹಲ್ಲಿನಂಥ ವಿನ್ಯಾಸ.

ಅಂಥ ರೆಕ್ಕೆಗೆ ಅಂಥ ಚಕ್ರವಿರುವ ವಿಮಾನವನ್ನು ನಾನು ಎಲ್ಲೂ ನೋಡಿಲ್ಲ. ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಿದೆ.

ಜಗಳವೇ ಶುರುವಾಯಿತು. ಅರ್ಧ ಜನ ಇದು ವಿಮಾನವೇ ಎಂದರು. ಉಳಿದವರು, ಬಟ್ಟೆ ಉಬ್ಬಿದೆ ನೋಡಿ, ಇದು ಗಾಳಿ ತುಂಬಿದ ವಾಯುನೌಕೆ, ಆ ಹಲ್ಲುಗಳು ಬಟ್ಟೆಯ ಪಟ್ಟಿಗಳನ್ನು ಜೋಡಿಸಿದ ಹೊಲಿಗೆ ಎಂದರು. ನಾನು ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಪಕ್ಷ.

ಸೋಮವಾರ ಲಂಚ್ ಬ್ರೇಕಿನಲ್ಲಿ ಆಫೀಸಿನ ದೊಡ್ಡ ಮಾನಿಟರಿನಲ್ಲಿ ಅದನ್ನು ಹಿಗ್ಗಿಸಿ ನೋಡಿದೆ. ಅಜ್ಜನ ನೆರಳು ಚಕ್ರದ ಮೇಲೆ ಬಿದ್ದಿತ್ತು. ಕಡ್ಡಿಗಳ ಮೇಲೂ ಬಿದ್ದಿತ್ತು... ಕಡ್ಡಿಗಳ ನಡುವಿನ ಖಾಲಿ ಜಾಗದ ಮೇಲೂ ಬಿದ್ದಿತ್ತು.

ಖಾಲಿ ಜಾಗದ ಮೇಲೆ ನೆರಳು ಹೇಗೆ ಬೀಳುತ್ತದೆ? ಗೋಡೆಯಂತೆ ಚಪ್ಪಟೆಯಾದದ್ದೇನೋ ಇದ್ದರೆ ಮಾತ್ರ. ಅಂದರೆ ಇದು ವಿಮಾನವೇ ಅಲ್ಲ, ಆ ಕಾಲದ ಫೋಟೋ ಸ್ಟುಡಿಯೋದವರು ಹಿಂದಿನ ಪರದೆಯ ಮೇಲೆ ಬರೆಸಿದ ಚಿತ್ರ.

ಆದರೆ ಆ ಉಬ್ಬಿದ ಬಟ್ಟೆ? ಅದು ಚಪ್ಪಟೆಯಾಗಿಲ್ಲ. ಅದಕ್ಕೆ ಅದರದೇ ನೆರಳಿದೆ. ತಲೆ ಕೆಟ್ಟುಹೋಯಿತು.

ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಅಪ್ಪ ವಿಮಾನದಲ್ಲಿ ಹಾರಿದ್ದರು ಎಂದು ಜೀವನವಿಡೀ ನಂಬಿದ ಹಿರಿಯರಿಗೆ ಇದನ್ನು ಹೇಗೆ ಹೇಳುವುದು? ಬಚ್ಚಿಟ್ಟು ಯಾವುದೋ ಒಂದು ಹೆಸರು ಹೇಳಿಬಿಡಲೇ ಎಂದೂ ಅನ್ನಿಸಿತು.

ಸಂಜೆ ಅವರ ಮನೆಗೆ ಹೋದೆ. ಗೌರವ್ವ ಸೋಫಾದಲ್ಲಿ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮಗನೂ ಪಕ್ಕದಲ್ಲೇ ಇದ್ದರು.

"ಅಜ್ಜಿ, ತಪ್ಪು ತಿಳ್ಕೋಬೇಡಿ... ಇದು ನಿಜವಾದ ವಿಮಾನ ಅಲ್ಲ ಅನ್ಸುತ್ತೆ."

ಅವರು ತಲೆ ಎತ್ತಲೇ ಇಲ್ಲ.

"ಅಲ್ಲ ಬಿಡವಾ. ಹುಬ್ಬಳ್ಳ್ಯಾಗ ಪರದೇ ಮ್ಯಾಲೆ ಬರದಿದ್ರಂತ. ಅಪ್ಪನ ಹೇಳಿದ್ದ."

ಶಿವಾನಂದ್ ಮುಖ ನೋಡಬೇಕಿತ್ತು. "ಅವ್ವಾ! ಒಂದ ದಿನಾನೂ ನನಗ ಹೇಳಿಲ್ಲಲ್ಲ ನೀ!"

"ಹೇಳೀನೋ. ಸಣ್ಣಾವಿದ್ದಾಗ ನೀ ಇಮಾನ ಅನ್ನೂದ ಒಂದ ಕೇಳಿ ಓಡಿಹೋಗ್ತಿದ್ದಿ. ಹಾರಿದ ಕಥಿ ನೀನ ಕಟ್ಟಿದ್ದು."

ಹಾಗಾದರೆ ಈ ಬಟ್ಟೆ ಏನಜ್ಜಿ ಎಂದು ಹರಿದ ಅಂಚನ್ನು ತೋರಿಸಿದೆ. ಇದು ಬಲೂನಾ ಅಂತ ಎಲ್ಲರೂ ಜಗಳ ಆಡ್ತಿದ್ದಾರೆ ಎಂದೂ ಹೇಳಿದೆ.

ಸೊಪ್ಪಿನ ಕೈ ಒರೆಸಿಕೊಂಡು ಅವರು ಫೋಟೋ ತೆಗೆದುಕೊಂಡರು. ಆ ಚೂರಿನ ಮೇಲೆ ಬೆರಳಿಟ್ಟರು.

"ಇದು ನಮ್ಮವ್ವನ ಸೆರಗವಾ. ಇಳಕಲ್ ಸೀರಿ. ಇದು ಬಲೂನಲ್ಲ, ಸೆರಗಿನ ತೆನಿ."

ಗರಗಸದ ಹಲ್ಲು ಎಂದುಕೊಂಡದ್ದು ಸೆರಗಿನ ತೆನೆಯಾಕಾರದ ನೇಯ್ಗೆ. ಪರದೆಯ ಮುಂದೆ, ಗಂಡನ ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತಿದ್ದರು. ನಾವೆಲ್ಲ ಅಲ್ಲಿ ಬರೀ ಯಂತ್ರವನ್ನು ಹುಡುಕುತ್ತಿದ್ದೆವು.

"ನಾ ಕೂಸಿದ್ದಾಗ ತೀರಿಕೊಂಡ್ಲು. ಅಪ್ಪ ಎರಡನೇ ಮದುವಿ ಆದ ಮ್ಯಾಲೆ ಮನ್ಯಾಗ ಯಾರೋ ಹರದ್ರು. ಉಳಿದ ತುಂಡನ್ನ ಅಪ್ಪ ನನಗ ಕೊಟ್ಟಾ. ನಾ ಅವ್ವನ್ನ ನೋಡಿದ್ದು ಅಂದ್ರ ಈ ಸೆರಗಷ್ಟ."



ಶಿವಾನಂದ್ ಮೆಲ್ಲಗೆ, ಹಾಗಾದರೆ ಸ್ಟುಡಿಯೋದವರಿಗೆ ಹೇಳಿ ಅಜ್ಜಿಯ ಮುಖವನ್ನೇ ಮಾಡಿಸುತ್ತೇನೆ, ನಿನ್ನ ಮುಖ ನೋಡಿ ಎಐ ಅದನ್ನು ಬರೆಯುತ್ತದೆ ಎಂದು ತಾಯಿಗೆ ಹೇಳಿದರು.

"ಬ್ಯಾಡ. ಮಾರಿ ನಾನ ನೋಡಿಲ್ಲ, ಅದು ಎಲ್ಲಿ ನೋಡೀತು?"

ಕೊನೆಗೆ ಹರಿದ ಫೋಟೋವನ್ನು ಹರಿದ ಹಾಗೆಯೇ ಫ್ರೇಮ್ ಹಾಕಿಸಿದರು. ಹುಟ್ಟುಹಬ್ಬದ ದಿನ ಗೌರವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು. ಅವರಿಗೆ ಖುಷಿಯಾಯಿತೋ ಸಂಕಟವಾಯಿತೋ, ಎದುರಿಗೇ ಇದ್ದ ನನಗೆ ತಿಳಿಯಲಿಲ್ಲ.

ನಮ್ಮ ಗುಂಪಿನವರು ಇನ್ನೂ ಬಿಟ್ಟಿಲ್ಲ, ವಿಮಾನವೋ ವಾಯುನೌಕೆಯೋ ಬೇಗ ಹೇಳಿ ಎಂದು ಪೀಡಿಸುತ್ತಿದ್ದಾರೆ. ಟೈಪ್ ಮಾಡುತ್ತೇನೆ, ಅಳಿಸುತ್ತೇನೆ... ನೀವಾಗಿದ್ದರೆ ಏನೆಂದು ಬರೆಯುತ್ತಿದ್ದಿರಿ?