ಅಮಾತೆಪ್ಪ ಉಂಡ ಮೇಲೆ

ನಮ್ಮ ಶಿರವಾಳದ ಅಮಾತೆಪ್ಪ ಮೂವತ್ತು ವರ್ಷ ಕಾಲುವೆಯ ಗೇಟು ಎತ್ತಿ ಇಳಿಸಿದವನು. ಅವನು ಯಾವ ಹೊತ್ತಿಗೆ ಮನೆಗೆ ಬಂದರೂ ಸರಿ, ಅವನು ಉಣ್ಣದೆ ಹೆಂಡತಿ ಭೀಮವ್ವ ಉಂಡವಳಲ್ಲ. ಬೈದರೂ ಕೇಳದ ಹಟಮಾರಿ.

ನರ ಸೊರಗುವ ರೋಗ ಮೊದಲು ಅವಳ ಕೈಕಾಲು ಕಸಿಯಿತು, ಆಮೇಲೆ ಮಾತು. ಕೊನೆಗೆ ನುಂಗುವುದೂ ಕಷ್ಟವಾಯಿತು. ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು.

“ಹೊಟ್ಟಿಗೆ ನಳಿಗಿ ಹಾಕಿದ್ರ ಇನ್ನೊಂದೆರಡು ವರ್ಷ ಇರಬಹುದು. ಆಕೀನ್ನ ಕೇಳಿ ಹೇಳ್ರಿ,” ಎಂದರು ಶಹಾಪುರದ ಡಾಕ್ಟರು.

ಅಮಾತೆಪ್ಪ ಕೇಳಿದ. ಅವಳ ಕಣ್ಣಲ್ಲಿ ನೀರಷ್ಟೇ ಬಂತು. ಮೂರು ದಿನ ಮಂಚ ಬಿಟ್ಟು ಕದಲದೆ ಚಮಚದಲ್ಲಿ ತೆಳು ಅಂಬಲಿ ಹಿಡಿದ. ಮೂರೂ ದಿನ ಅವಳು ತುಟಿ ಬಿಗಿದಳು.

“ಆಕಿ ಒಲ್ಲೆ ಅಂತಾಳ್ರಿ. ನಳಿಗಿ ಬ್ಯಾಡ,” ಎಂದು ಡಾಕ್ಟರಿಗೆ ಹೇಳಿಬಂದ. ವಾರದೊಳಗೆ ಭೀಮವ್ವ ತೀರಿಕೊಂಡಳು.

ಮಣ್ಣು ಮಾಡಿದ ಮರುದಿನ ಭೀಮವ್ವನ ಅಕ್ಕ ಕರೆಮ್ಮ ಕೇಳಿದಳು: “ಆಕಿ ಬಾಯಿ ಮುಚ್ಚಿದ ಆ ಮೂರು ದಿನ ನೀ ಉಂಡಿದ್ದಿ ಏನಪ್ಪಾ?”

ಉಂಡಿರಲಿಲ್ಲ. ಅವಳು ಹಸಿದಿರುವಾಗ ತುತ್ತು ಎತ್ತಲು ಅವನಿಗೆ ಮನಸ್ಸಾಗಿರಲಿಲ್ಲ.

“ಆಗೋದು ಆತು, ಬಿಡು,” ಎನ್ನುತ್ತದೆ ಊರು. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ.

ಈಗ ಅಮಾತೆಪ್ಪ ದಿನಾ ಗಬಗಬ ರೊಟ್ಟಿ ನುಂಗಿ, ಕೈ ತೊಳೆದು, ಅಂಬಲಿಯ ಬಟ್ಟಲು ಹಿಡಿದು ಖಾಲಿ ಮಂಚದ ಮುಂದೆ ಕೂಡುತ್ತಾನೆ.

“ನಂದು ಆತು,” ಎನ್ನುತ್ತಾನೆ. “ಇನ್ನ ಬಾಯಿ ತೆರಿ.”