ಸುತ್ತು ಹಾಕಿಟ್ಟ ಪ್ರಶ್ನೆ

ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ತೆಗೆಯುವ ನಮ್ಮ ಅತ್ತಿಗೆ ಈ ವಾರ ಮನೆಯಲ್ಲಿ ನಮ್ಮೆಲ್ಲರ ರಕ್ತ ಹೀರುತ್ತಿದ್ದಾರೆ, ಏಕೆಂದರೆ ಭಾನುವಾರ ಅವರ ಎಂ.ಎಸ್ಸಿ. ಪ್ರವೇಶ ಪರೀಕ್ಷೆ. "ಯುದ್ಧಕಾಲೇ ಶಸ್ತ್ರಾಭ್ಯಾಸ" ಎಂದು ಗೊಣಗುವ ಅಪ್ಪನೂ ಟಿವಿಯ ಸದ್ದು ಅಡಗಿಸಿ, ತುಟಿ ನೋಡಿಯೇ ವಾರ್ತೆ ಊಹಿಸುತ್ತಾರೆ. ಅತ್ತಿಗೆಯ ಮಗಳು ಅಲಾರಂ ಹಿಡಿದು ಪರೀಕ್ಷಕಿಯಾಗಿದ್ದಾಳೆ. ನಮ್ಮಮ್ಮ ನೀರು ಕುಡಿಯಬೇಕೆಂದರೂ ಕೈ ಎತ್ತಬೇಕು. ಅತ್ತಿಗೆ ಈಗ ಹೊಸದೇನನ್ನೂ ಓದುವುದಿಲ್ಲ, ಓದಿದ್ದನ್ನೇ ಪಾತ್ರೆ ತೊಳೆಯುತ್ತ ನಲ್ಲಿಗೆ ಪಾಠ ಹೇಳುತ್ತಾರೆ. ಕನ್ನಡಕ ಎಲ್ಲಿ ಎಂದು ಅಣ್ಣ ಕೇಳಿದರೆ, "ಮೊದ್ಲು ತಪ್ಪು ಉತ್ತರಗಳನ್ನ ಹೊಡೆದುಹಾಕಿ. ಬಚ್ಚಲಲ್ಲಿಲ್ಲ, ಮೇಜಿನ ಮೇಲಿಲ್ಲ, ಉಳಿದಿದ್ದು ನಿಮ್ಮ ತಲೆ" ಎನ್ನುತ್ತಾರೆ. ಆದರೆ ಅವರ ಬ್ರಹ್ಮಾಸ್ತ್ರವೇ ಬೇರೆ: ಗೊತ್ತಾಗದ ಪ್ರಶ್ನೆಗೆ ತಲೆ ಚಚ್ಚಿಕೊಳ್ಳದೆ ಪೆನ್ಸಿಲಿನಿಂದ ಸುತ್ತು ಹಾಕಿ ಮುಂದೆ ಹೋಗುವುದು, ಕೊನೆಗೆ ತಿರುಗಿ ಬರುವುದು. ಈಗ ಮನೆಯಲ್ಲಿ ತಳ ಹಿಡಿದ ಪಾತ್ರೆಗೂ ಸುತ್ತು, ಕಳಚಿದ ಅಂಗಿಗುಂಡಿಗೂ ಸುತ್ತು, ಅಣ್ಣನ ಸಿಟ್ಟಿಗೂ ಸುತ್ತು. "ಸುತ್ತು ಹಾಕಿದೀನಿ, ಆಮೇಲೆ ಬರ್ತೀನಿ" ಎಂದರೆ ಮುಗಿಯಿತು, ಯಾರೂ ಮರುಮಾತಾಡುವಂತಿಲ್ಲ. ಬರುವುದಂತೂ ಅವರು ಬಂದೇ ಬರುತ್ತಾರೆ. ನಿನ್ನೆ ಮಗಳು ಅಲಾರಮ್ಮನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದಳು: "ಅಮ್ಮಾ, ನಾನು ಹುಟ್ಟಿದ್ದಕ್ಕೇ ನೀನು ಓದೋದು ಬಿಟ್ಟೆಯಂತೆ, ಹೌದಾ?" ಅತ್ತಿಗೆ ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದರು. ತುದಿಯನ್ನು ಬೆರಳಿಗೆ ಒತ್ತಿ ನೋಡಿ ಹೇಳಿದರು: "ಬಿಟ್ಟಿರ್ಲಿಲ್ಲ ಪುಟ್ಟಿ, ಸುತ್ತು ಹಾಕಿಟ್ಟಿದ್ದೆ."