ಮಂಗಳವಾರದ ಮಿಸ್ಸಿಂಗು

ಮೊನ್ನೆ ಮಂಗಳವಾರ ತಿ. ನರಸೀಪುರದ ಸೇತುವೆಯ ಮೇಲೆ ನನ್ನ ಪಿಕಪ್ಪು ಕೆಮ್ಮಿತು. ಆಕ್ಸಿಲೇಟರ್ ತುಳಿದೆ. ‘ನೋಡೋಣ, ನಾಳೆ ಬನ್ನಿ’ ಎನ್ನುವ ಗುಮಾಸ್ತರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದು ಜರ್ಕ್ ಹೊಡೆದು ಮುಂದಕ್ಕೆ ಹೋಯಿತು. ಮತ್ತೆ ತುಳಿದೆ, ಮತ್ತೆ ಜರ್ಕ್. ಹಿಂದೆ ತುಂಬಿದ್ದ ತೆಂಗಿನ ಸಸಿಗಳೆಲ್ಲ ಒಟ್ಟಿಗೆ ತಲೆದೂಗಿದವು. ಹೇಗೋ ಸೇತುವೆ ದಾಟಿಸಿ ಟೀ ಅಂಗಡಿಯ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದೆ.

ನಮ್ಮ ಕಡೆ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿದರೆ ಸಾಕು, ಯಾರನ್ನೂ ಕರೆಯಬೇಕಾಗಿಲ್ಲ. ಟೀ ಕುಡಿಯುತ್ತಿದ್ದವರೊಬ್ಬರು ಲೋಟ ಹಿಡಿದುಕೊಂಡೇ ಬಂದು ಒಳಗೆ ಬಗ್ಗಿ ನೋಡಿ, “ನಾಜಲ್ ಓಯ್ತು ಸಾ” ಎಂದರು. ಇನ್ನೊಬ್ಬರು, “ನಾಜಲ್ ಅಲ್ಲ, ಪಂಪು” ಎಂದರು. ಇಬ್ಬರಿಗೂ ಮಾತು ಬೆಳೆಯಿತು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ಮಾತ್ರ ದೂರದಿಂದಲೇ ನೋಡಿ, “ವಯಸ್ಸಾಯ್ತು, ಬುಟ್ಬುಡಿ” ಎಂದು ತೀರ್ಪು ಕೊಟ್ಟು ನಡೆದರು. ಹೇಳಿದ್ದು ಗಾಡಿಗೋ ನನಗೋ ಎಂದು ಕೇಳೋಣವೆಂದರೆ ಎಮ್ಮೆ ಆಗಲೇ ಮುಂದೆ ಹೋಗಿತ್ತು.

ಈ ಕೆಮ್ಮು ನನಗೆ ಗುರುತಿನದು. ಆದರೆ ಅದು ಚಿಕ್ಕಪ್ಪನ ಜೊತೆಗೇ ಹೋಯಿತೆಂದುಕೊಂಡಿದ್ದೆ.

ಈ ಪಿಕಪ್ಪು ಚಿಕ್ಕಪ್ಪನದು. ಅವನು ತೀರಿಕೊಂಡ ಮೇಲೆ ಹೆಡತಲೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ನರಸೀಪುರದಲ್ಲಿ ನನ್ನದೊಂದು ಸಸಿಗಳ ನರ್ಸರಿ ಇದೆ. ಬಾಡಿಗೆ ಗಾಡಿಯವರ ದಾರಿ ಕಾದು ಸಾಕಾಗಿ, ಇದನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳಲೇ ಎಂದು ಚಿಕ್ಕಮ್ಮನನ್ನು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, “ನಿನ್ನಿಷ್ಟ ಕಣಪ್ಪ” ಎಂದಳು. ನಮ್ಮ ಮನೆಯ ಹೆಂಗಸರು ‘ನಿನ್ನಿಷ್ಟ’ ಎಂದರೆ ಅದು ಒಪ್ಪಿಗೆಯೂ ಇರಬಹುದು, ಶಾಪವೂ ಇರಬಹುದು. ಇಂಥದ್ದೇ ಎಂದು ಹೇಳಬಲ್ಲ ಗಂಡಸು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಅಂದಿನಿಂದ ನಾನು ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಗಾಡಿಯ ಸುದ್ದಿ ಎತ್ತಿದರೆ ಸಾರಿಗೆ ಉಪ್ಪು ನೋಡಲು ಏಳುತ್ತಿದ್ದಳು. ಗುಡಿಯ ಮುಂದೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದವನ ಹಾಗೆ ನಾನು ಇಷ್ಟು ದಿನವೂ ಈ ಗಾಡಿ ಓಡಿಸಿದ್ದೇನೆ. ಅವಳಿಗೆ ನೋವಾಗಿದ್ದರೆ ವಾಪಸು ಟಾರ್ಪಾಲು ಹೊದಿಸಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದೆ.

ಚಿಕ್ಕಪ್ಪನ ವಿಚಾರ ಸ್ವಲ್ಪ ಹೇಳಬೇಕು. ಅವನು ಕೈ ಹಾಕಿದ್ದು ಯಾವುದೂ ಹತ್ತಲಿಲ್ಲ. ರೇಷ್ಮೆ ಸಾಕಿದ, ಹುಳುಗಳು ಸೊಪ್ಪೆಲ್ಲ ತಿಂದು ತೇಗಿ ಗೂಡು ಕಟ್ಟುವ ಹೊತ್ತಿಗೆ ಸತ್ತವು. ಕೋಳಿ ಸಾಕಿದ, ಊರ ನಾಯಿಗಳು ದುಂಡಗಾದವು. ಅಣಬೆ ಬೆಳೆಯಲು ಕತ್ತಲೆಕೋಣೆ ಮಾಡಿಕೊಂಡ, ಅಲ್ಲಿ ಅಣಬೆಯೊಂದನ್ನು ಬಿಟ್ಟು ಮಿಕ್ಕ ಎಲ್ಲ ಬಗೆಯ ಬೂಷ್ಟೂ ಸೊಗಸಾಗಿ ಬೆಳೆಯಿತು. ಒಂದೊಂದು ಸಲ ಸೋತಾಗಲೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ತೊಲೆ ನೋಡುತ್ತಾ ಮಲಗಿಬಿಡುತ್ತಿದ್ದ. ವಾರಗಟ್ಟಲೆ ಮಾತಿಲ್ಲ. ಚಿಕ್ಕಮ್ಮ ಅವನ ಸುತ್ತಲೂ ಕಸ ಗುಡಿಸುತ್ತಿದ್ದಳು.

ಕೊನೆಗೆ ಕೈ ಹಿಡಿದಿದ್ದು ಈ ಸೆಕೆಂಡ್ ಹ್ಯಾಂಡ್ ಪಿಕಪ್ಪು. ನಂಜನಗೂಡಿಗೆ ಬಾಳೆಗೊನೆ, ಮದುವೆ ಮನೆಗೆ ಶಾಮಿಯಾನ, ತಲಕಾಡಿಗೆ ಮರಳು ನೋಡಲು ಹೊರಟ ನೆಂಟರು, ಎಲ್ಲವನ್ನೂ ಹೇರಿಕೊಂಡು ಓಡಾಡಿದ. ಬೆಳಿಗ್ಗೆ ಎದ್ದು ಒಗೆದ ಷರ್ಟು ಹಾಕಿಕೊಳ್ಳಲು ಅವನಿಗೊಂದು ಕಾರಣ ಸಿಕ್ಕಿತ್ತು. ಇಂಥ ಗಾಡಿ ಒಂದು ದಿನ ಮಿಸ್ಸಿಂಗ್ ಹೊಡೆಯಲು, ಅಂದರೆ ಓಡುತ್ತಾ ಓಡುತ್ತಲೇ ಕೆಮ್ಮಿ ಮುಗ್ಗರಿಸಲು, ಶುರು ಮಾಡಿತು.

ಒಮ್ಮೆ ಏರಿನಲ್ಲಿ ನಿಂತಿತು, ಒಮ್ಮೆ ಮದುವೆ ಮನೆಯವರ ಪಾತ್ರೆಗಳ ಸಮೇತ ದೇವನೂರಿನ ಹತ್ತಿರ ಕೈಕೊಟ್ಟಿತು. ಅಲ್ಲಿ ಮುಹೂರ್ತ ಮುಗಿದರೂ ಅನ್ನಕ್ಕೆ ನೀರಿಟ್ಟಿರಲಿಲ್ಲ. ಮನೆಯ ಯಜಮಾನಿಕೆ ನಮ್ಮಪ್ಪನದು. ಅವನು ಊಟಕ್ಕೆ ಕುಳಿತಾಗ ತಮ್ಮನಿಗೆ ಹೇಳಿದ: “ಯುಗಾದಿ ಒಳಗೆ ಸರಿ ಓಗ್ನಿಲ್ಲಾಂದ್ರೆ ಗುಜರಿಗೆ ಆಕ್ಬುಡ್ಲಾ. ದಾರೀಲಿ ನಿಂತ್ಕೊಳ್ಳೋ ಗಾಡಿ ನಂಬ್ಕೊಂಡು ಯಾರ್ಲಾ ಮದ್ವೆ ಮಾಡಾರು?” ಚಿಕ್ಕಪ್ಪ ತಲೆ ಎತ್ತಿ ತೊಲೆಯನ್ನೊಮ್ಮೆ ನೋಡಿದ. ಅವನು ನೋಡಿದ್ದನ್ನು ಚಿಕ್ಕಮ್ಮ ನೋಡಿದಳು.

ನಂಜನಗೂಡಿನ ಮೆಕ್ಯಾನಿಕ್ ಸೋಮಣ್ಣನ ಶೆಡ್ಡಿಗೆ ನಾನೂ ಚಿಕ್ಕಪ್ಪನೂ ಅಲೆದಿದ್ದಕ್ಕೆ ಲೆಕ್ಕವಿಲ್ಲ. ಸೋಮಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದ. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಡೀಸೆಲ್ ಪೈಪಿನ ನಟ್ಟು ಸಡಿಲಿಸುತ್ತಿದ್ದ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಶಾಸ್ತ್ರ ಸರಿಯಾಗಿಯೇ ಇತ್ತು. ಆದರೆ ಒಂದು ವಾರ ಮೂರನೆಯದು ಸತ್ತಿದ್ದರೆ ಮುಂದಿನ ವಾರ ಅದು ಎದ್ದು ಕುಳಿತು ಒಂದನೆಯದು ಸತ್ತಿರುತ್ತಿತ್ತು. ಸೋಮಣ್ಣ ಅದಕ್ಕೆಲ್ಲ ಎದೆಗುಂದುವವನಲ್ಲ. ಯಾವುದು ಸತ್ತರೂ “ಪಂಪೇ ಕಣಣ್ಣ” ಎನ್ನುತ್ತಿದ್ದ. ಪಂಪು ಬಿಚ್ಚಿ ಜೋಡಿಸಿದ್ದೂ ಆಯಿತು. ಒಮ್ಮೆ ಫಿಲ್ಟರಿನಲ್ಲಿ ನೀರು ಸಿಕ್ಕಿತು. ಚಿಕ್ಕಪ್ಪ ಬಂಕಿಗೆ ಹೋಗಿ ಜಗಳವಾಡಿ ಬಂದು ಬೇರೆ ಬಂಕು ಹಿಡಿದ. ಅಲ್ಲೂ ನೀರು. ಸೀಮೆಯ ಬಂಕಿನವರೆಲ್ಲ ತನ್ನೊಬ್ಬನ ಮೇಲೆ ಹಗೆ ಸಾಧಿಸುತ್ತಿದ್ದಾರೆಂದು ಅವನಿಗೆ ಖಾತ್ರಿಯಾಯಿತು.

ವಿಚಿತ್ರವೆಂದರೆ, ಕಾಟವೆಲ್ಲ ಮಂಗಳವಾರ. ಶನಿವಾರದ ಹೊತ್ತಿಗೆ ಗಾಡಿ ಸುಧಾರಿಸಿಕೊಂಡು, ಭಾನುವಾರ ಕುದುರೆಯಾಗಿ, ಮತ್ತೆ ಮಂಗಳವಾರ ಕೆಮ್ಮುತ್ತಿತ್ತು. “ಇದುನ್ ಜಾತಕದಲ್ಲೇ ಮಂಗ್ಳವಾರ ಸರಿ ಇಲ್ಲ ಕಣ್ಲಾ” ಎನ್ನುತ್ತಿದ್ದ ಚಿಕ್ಕಪ್ಪ. ಅವನಿಗೆ ಹೆಚ್ಚು ನಾಚಿಕೆಯಾಗುತ್ತಿದ್ದದ್ದು ಇನ್ನೊಂದಕ್ಕೆ. ನಂಜುಂಡೇಶ್ವರನೆಂದರೆ ವೈದ್ಯರಿಗೆ ವೈದ್ಯ. ಎಲ್ಲೆಲ್ಲಿಂದಲೋ ಹೊಟ್ಟೆನೋವಿನವರು, ಮೈಕಜ್ಜಿಯವರು ಬಂದು ಕಪಿಲೆಯಲ್ಲಿ ಮುಳುಗಿ ಗುಣವಾಗಿ ಹೋಗುತ್ತಾರೆ. ಅಂಥ ಊರಿನಲ್ಲೇ ನಮ್ಮ ಗಾಡಿಯ ಕಾಯಿಲೆ ವಾಸಿಯಾಗುತ್ತಿರಲಿಲ್ಲ. ಚಿಕ್ಕಮ್ಮನಂತೂ ಸೋಮವಾರ ತಪ್ಪಿಸದೆ ಬಸ್ಸು ಹಿಡಿದು ದರ್ಶನಕ್ಕೆ ಹೋಗಿ, ಕೆಮ್ಮಿನ ಔಷಧದ ಹಳೆಯ ಬಾಟಲಿಯಲ್ಲಿ ತೀರ್ಥ ತರುತ್ತಿದ್ದಳು. ಮನೆಯವರಿಗೆಲ್ಲ ಒಂದೊಂದು ಉದ್ಧರಣೆ. ಈಯಲು ಬಂದ ಎಮ್ಮೆಗೂ ಒಂದು ಉದ್ಧರಣೆ.

ಯುಗಾದಿ ಹತ್ತಿರ ಬಂತು. ಗುಜರಿಯವನು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ಒದ್ದು ನೋಡಿ ಹೋದ. ಕೊನೆಯ ಪ್ರಯತ್ನವೆಂದು ಸೋಮಣ್ಣ ಟ್ಯಾಂಕು ಇಳಿಸಿದ. ಒಳಗಿದ್ದುದನ್ನು ಬಾಣಲಿಗೆ ಬಗ್ಗಿಸಿದಾಗ ಮೊದಲು ಡೀಸೆಲ್ ಬಂತು, ಕೊನೆಯಲ್ಲಿ ನೀರು ಬಂತು, ಆಮೇಲೆ ಏನೋ ಹಸಿರು ಬಾಯಿಗೆ ಅಡ್ಡ ಸಿಕ್ಕಿಕೊಂಡಿತು. ಸೋಮಣ್ಣ ಇಕ್ಕಳ ಹಾಕಿ ಎಳೆದ. ಮೂರು ದಳದ ಬಿಲ್ವಪತ್ರೆ. ಅದರ ಹಿಂದೆ ಇನ್ನೊಂದು. ಅದನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ಕೇಳಿದ:

“ಇದ್ಯಾವ ಕಂಪ್ನಿ ಪಾರ್ಟಣ್ಣ?”

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಪ್ಪ ನಗಲಿಲ್ಲ. ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತುಕೊಂಡ. ಸೋಮವಾರದ ತೀರ್ಥ, ಮಂಗಳವಾರದ ಕೆಮ್ಮು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಡಿ ಮೊದಲ ಸಲ ಕೆಟ್ಟಿದ್ದು ಬರೀ ಕಸ ಕಟ್ಟಿದ ಫಿಲ್ಟರಿನಿಂದ. ಅವತ್ತೇ ಚಿಕ್ಕಮ್ಮ ಟ್ಯಾಂಕಿಗೆ ತೀರ್ಥ ಹುಯ್ದಿರಬೇಕು, ಅವತ್ತೇ ಸೋಮಣ್ಣ ಫಿಲ್ಟರ್ ಬದಲಾಯಿಸಿದ್ದ. ಗಾಡಿ ಓಡಿತು. ಹೆಸರು ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೆ? ಮುಂದೆ ಗಾಡಿ ಕೆಮ್ಮಿದಷ್ಟೂ ಅವಳು ಹುಯ್ದಳು, ಅವಳು ಹುಯ್ದಷ್ಟೂ ಗಾಡಿ ಕೆಮ್ಮಿತು. ಗಂಡ ಮತ್ತೆ ತೊಲೆ ನೋಡುತ್ತಾ ಮಲಗಬಾರದೆಂದು ಬಾಟಲಿ ದೊಡ್ಡದು ಮಾಡಿದ್ದಳು, ಅಷ್ಟೇ.

“ಟ್ಯಾಂಕಿಗೊಂದು ಬೀಗದ ಮುಚ್ಚಳ ಆಕ್ಬುಡ್ತೀನಿ, ಬುಡಣ್ಣ” ಎಂದ ಸೋಮಣ್ಣ.

“ಬ್ಯಾಡ.”

“ಅಂಗಾರೆ ಅತ್ಗೆಮ್ಮಂಗೆ ರೇಡಿಯೇಟ್ರಿಗೆ ಉಯ್ಯಕ್ ಏಳು. ತೀರ್ಥನೂ ಆಯ್ತು, ನೀರೂ ಆಯ್ತು.”

ಚಿಕ್ಕಪ್ಪ ಬಿಲ್ವಪತ್ರೆಯನ್ನು ಇಸಿದುಕೊಂಡು ಷರ್ಟಿಗೆ ಒರೆಸಿದ. “ಏಳುದ್ರೆ, ಇಷ್ಟ್ ದಿನ ಕೆಡಿಸ್ದೋಳು ನಾನೇ ಅಂತ ಅವ್ಳಿಗೆ ಗೊತ್ತಾಗಲ್ವೇನ್ಲಾ? ಸತ್ತೋಯ್ತಾಳೆ ಕಣೋ. ನೀನು ಮುಚ್ಕೊಂಡು ಟ್ಯಾಂಕ್ ಏರ್ಸು.”

ಟ್ಯಾಂಕಿನ ಮುಚ್ಚಳ ಸಡಿಲವಾಗಿ ಮಳೆನೀರು ಇಳಿಯುತ್ತಿತ್ತಂತೆ ಎಂದು ಅಪ್ಪನಿಗೆ ವರದಿ ಹೋಯಿತು. ಆಗ ಮಳೆಯೇ ಇರಲಿಲ್ಲ; ಆದರೂ ಅಪ್ಪ ನಂಬಿದ. ಅವತ್ತಿನಿಂದ ಚಿಕ್ಕಪ್ಪ ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಫಿಲ್ಟರಿನ ತಳದ ಸ್ಕ್ರೂ ತಿರುಗಿಸಿ, ನೀರು ಇಳಿಸಿ, ಅದನ್ನು ಯಾರೂ ತುಳಿಯದ ಹಾಗೆ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದ. ಮಿಸ್ಸಿಂಗು ನಿಂತಿತು. ಗುಜರಿಯವನು ಬರಿಗೈಯಲ್ಲಿ ಹೋದ. ಚಿಕ್ಕಮ್ಮ ಗಾಡಿಗೆಂದು ಉರುಳುಸೇವೆ ಹೊತ್ತಿದ್ದಳು. ಗಾಡಿ ಉರುಳಿದರೆ ಅನಾಹುತವೆಂದು ಅದರ ಪರವಾಗಿ ಚಿಕ್ಕಪ್ಪನೇ ಒದ್ದೆ ಪಂಚೆಯಲ್ಲಿ ಗುಡಿಯ ಸುತ್ತ ಉರುಳಿ ಬಂದ. ಇನ್ನೊಂದು ಬದಲಾವಣೆಯಾಯಿತು. ಅಲ್ಲಿಯವರೆಗೆ ಹೇಗೆಂದರೆ ಹಾಗೆ ಗಾಡಿ ನಿಲ್ಲಿಸುತ್ತಿದ್ದವನು, ಟ್ಯಾಂಕಿನ ಬಾಯಿ ಅಂಗಳದ ಕಡೆಗೇ ಬರುವಂತೆ ಹಿಂದೆ ಮುಂದೆ ಮಾಡಿ ನಿಲ್ಲಿಸತೊಡಗಿದ. ಯಾಕೆಂದು ಕೇಳಿದರೆ, “ಅಂಗೇ ಚಂದ” ಎನ್ನುತ್ತಿದ್ದ. ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿದ್ದೆ.

ಸೇತುವೆಯ ಬಳಿ ನಾಜಲ್ಲಿನವರೂ ಪಂಪಿನವರೂ ಇನ್ನೂ ವಾದ ಮಾಡುತ್ತಿದ್ದರು. ನಾನು ಟೀ ಅಂಗಡಿಯಿಂದ ಖಾಲಿ ಬಾಟಲಿ ಇಸಿದುಕೊಂಡು, ಫಿಲ್ಟರಿನ ತಳಕ್ಕೆ ಹಿಡಿದು, ಸ್ಕ್ರೂ ತಿರುಗಿಸಿದೆ. ಸುರಿದದ್ದು ತಿಳಿನೀರು. ಸುತ್ತ ನಿಂತವರು, “ಬಂಕಿನೋರು ಕಳ್ರು ಸಾ” ಎಂದರು. ಬಂಕಿನವರದೇನೂ ತಪ್ಪಿಲ್ಲ ಎಂದು ಹೇಳಲು ಹೋದವನು ಬಾಟಲಿ ಹಿಡಿದುಕೊಂಡು ಆ ಜನರ ನಡುವೆಯೇ ಅತ್ತುಬಿಟ್ಟೆ. ಲೋಟದವರು ಗಾಬರಿಯಾಗಿ, “ಬುಡಿ ಸಾ, ದೊಡ್ ರಿಪೇರಿ ಏನಲ್ಲ” ಎಂದು ಸಮಾಧಾನ ಮಾಡಿದರು.

ಮನೆಗೆ ಬಂದು ಗಾಡಿಯನ್ನು ಸುತ್ತು ಹಾಕಿ ನೋಡಿದೆ. ನಾನು ದಿನವೂ ಕೊಟ್ಟಿಗೆಗೆ ನೇರವಾಗಿ ನುಗ್ಗಿಸಿ ನಿಲ್ಲಿಸುವವನು. ಟ್ಯಾಂಕಿನ ಕಡೆ ಗೋಡೆ, ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ. ಆ ಕಡೆಯ ಧೂಳಿನ ಮೇಲೆ ಉದ್ದಕ್ಕೂ ಸೀರೆ ಒರೆಸಿದ ಗುರುತು ಇತ್ತು. ಮಂಡಿನೋವಿಗೆ ಮೆಟ್ಟಿಲು ಹತ್ತಲೂ ನರಳುವ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೂ ನುಸುಳಿದ್ದಳು.

ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಚಿಕ್ಕಮ್ಮ, ಸೊಪ್ಪನ್ನೇ ನೋಡುತ್ತಾ ಕೇಳಿದಳು. “ಗಾಡಿ ಎಂಗ್ ಓಯ್ತದಪ್ಪ?”

“ಚೆನ್ನಾಗ್ ಓಯ್ತದೆ ಚಿಕ್ಕಮ್ಮ. ಒಂದ್ಸಲಾನೂ ನಿಂತಿಲ್ಲ.”

“ಊಂ. ಇನ್ಮೇಲೆ ನಿಲ್ಲಲ್ಲ, ಬುಡು.”

ಮುಂದಿನ ಭಾನುವಾರ ಸಂಜೆ ಗಾಡಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಿ, ಟ್ಯಾಂಕಿನ ಬಾಯಿ ಅಂಗಳದ ಕಡೆಗೆ ಬರುವಂತೆ ನಿಲ್ಲಿಸಿದೆ. ನನ್ನ ಹೆಂಡತಿ ಯಾಕೆಂದು ಕೇಳಿದಳು. ಹಾಗೇ ಚಂದ ಎಂದೆ.